ಫಾರ್ಮ್ಯಾಟ್ ಮಾಡಬ್ಯಾಡ್ರಿ, ಮಾಮಾ

ಹೋದ ತಿಂಗಳು ಈ ಅಂಕಣ ಬರಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ‘ಲ್ಯಾಪ್‌ಟಾಪ್ ಕೆಟ್ಟಿತ್ತು’ ಎಂದು ಹೇಳಿ ಪಾರಾದೆ. ನಿಜವೆಂದರೆ ಅದು ಕೆಟ್ಟಿರಲಿಲ್ಲ, ನಾನೇ ಕೆಡಿಸಿದ್ದೆ.

ಹೈದರಾಬಾದಿನಲ್ಲಿರುವ ಅಕ್ಕನ ಮಗ ಗೇಮ್ ಆಡಲೆಂದು ಕೊಂಡ ಲ್ಯಾಪ್‌ಟಾಪ್ ಅದು. ಅವನಿಗೆ ಹೊಸದು ಬಂದ ಮೇಲೆ ಹಳೆಯದಕ್ಕೆ ಉಬುಂಟು ಲಿನಕ್ಸ್ ಹಾಕಿ ಡೊಂಬಿವಲಿಯ ನಮ್ಮ ಮನೆಗೆ ದಾಟಿಸಿದ. ನನ್ನ ಕೆಲಸವೇನು? ಅಪ್ಪ ಬರೆದಿಟ್ಟ ನಾಲ್ಕು ನೋಟ್‌ಬುಕ್ ಟೈಪ್ ಮಾಡುವುದು. ನವಲಗುಂದದ ಕಡೆಯ ನಮ್ಮೂರು, ಎರೆಹೊಲ, ಮಲಪ್ರಭಾ ಕಾಲುವೆ, 1980ರ ರೈತ ಬಂಡಾಯ, ಯಾರು ಯಾರಿಗೆ ಎಷ್ಟು ಸಾಲ ಕೊಟ್ಟರು ಎಂಬುದರವರೆಗೆ ಎಲ್ಲ ಬರೆದಿದ್ದರು. ರಾತ್ರಿ ಊಟವಾದ ಮೇಲೆ ದಿನಕ್ಕೆ ಒಂದೋ ಎರಡೋ ಪುಟ ಟೈಪ್ ಮಾಡುತ್ತಿದ್ದೆ. ಎರಡನೇ ನೋಟ್‌ಬುಕ್ ಟೈಪ್ ಮಾಡಿ ಮುಗಿಸಿ ಕಿಟಕಿ ಪಕ್ಕದ ಕಪಾಟಿನಲ್ಲಿಟ್ಟಿದ್ದೆ. ಇಲ್ಲಿಯ ಮಳೆಗಾಲ ನಿಮಗೆ ಗೊತ್ತೇ ಇದೆ. ಪುಟಗಳು ಒಂದಕ್ಕೊಂದು ಅಂಟಿ ಹಪ್ಪಳದ ಹಿಟ್ಟಾಗಿ ಹೋದವು. ಅಲ್ಲಿಗೆ ಆ ಭಾಗಕ್ಕೆ ಉಳಿದದ್ದು ಲ್ಯಾಪ್‌ಟಾಪಿನ ಫೈಲ್ ಒಂದೇ. ಇನ್ನೊಂದು ಪ್ರತಿ ಮಾಡಿಡಬೇಕಿತ್ತು. ಮಾಡಿರಲಿಲ್ಲ.

ಶ್ರಾದ್ಧ ಹತ್ತಿರ ಬಂದಿತ್ತು. ಅವ್ವನ ಕಣ್ಣಿಗೆ ಲ್ಯಾಪ್‌ಟಾಪಿನ ಅಕ್ಷರ ಕಾಣುವುದಿಲ್ಲ, ಟಿವಿಯಲ್ಲಿ ದೊಡ್ಡದಾಗಿ ತೋರಿಸೋಣವೆಂದು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೆ. ಟಿವಿಯಲ್ಲಿ ಏನೂ ಬರಲಿಲ್ಲ. ಇಂಥ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಪ್ರೊಸೆಸರಿನ ಒಳಗಿರುವುದು ದಿನದ ಕೆಲಸಕ್ಕೆ, ಬೇರೆಯಾಗಿ ಕೂರಿಸಿದ್ದು ಗೇಮಿನಂಥ ಭಾರದ ಕೆಲಸಕ್ಕೆ. ಎಚ್‌ಡಿಎಂಐ ತಂತಿ ಎಷ್ಟೋ ಮಾಡೆಲ್‌ಗಳಲ್ಲಿ ಎರಡನೆಯದಕ್ಕೆ ಹೋಗುತ್ತದೆ, ನನ್ನದರಲ್ಲೂ ಹಾಗೆಯೇ. ಆ ಎರಡನೇ ಚಿಪ್ ಎನ್‌ವಿಡಿಯಾದ್ದು.

ಅದಕ್ಕೆ ಲಿನಕ್ಸಿನಲ್ಲಿ ಮುಖ್ಯವಾಗಿ ಎರಡು ಡ್ರೈವರ್. ಒಂದು ‘ನೂವೋ’. ಫ್ರೆಂಚಿನಲ್ಲಿ ಹಾಗೆಂದರೆ ಹೊಸದು. ಕಂಪನಿಯ ನೆರವಿಲ್ಲದೆ, ಚಿಪ್ ಹೇಗೆ ವರ್ತಿಸುತ್ತದೆಂದು ನೋಡಿ ನೋಡಿ ಸ್ವಯಂಸೇವಕರು ಬರೆಯಲು ತೊಡಗಿದ್ದು. 2010ರಲ್ಲಿ ಅದು ಲಿನಕ್ಸ್ ಕರ್ನಲ್‌ನೊಳಗೇ ಸೇರಿತು. ಇನ್ನೊಂದು ಕಂಪನಿಯೇ ಕೊಡುವ ಡ್ರೈವರ್. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಬೆರಳೆತ್ತಿ ಆ ಕಂಪನಿಯನ್ನು ಬೈದದ್ದನ್ನು ಕೆಲವರಾದರೂ ನೋಡಿರುತ್ತೀರಿ. 2022ರಲ್ಲಿ ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗವನ್ನು ಬಹಿರಂಗ ಮಾಡಿತು. ಆದರೆ ಅದು ನನ್ನ ಹಳೆಯ ಚಿಪ್‌ಗೆ ಅನ್ವಯಿಸುವುದಿಲ್ಲ. ಇರಲಿ, ಅದು ದೊಡ್ಡವರ ಜಗಳ. ನನ್ನ ತಪ್ಪು ನನ್ನದೇ.

ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸಿಗೆ ಇಬ್ಬರು ಡ್ರೈವರ್ ಇರುತ್ತಾರೆ, ಆದರೆ ಸ್ಟೇರಿಂಗ್ ಮುಂದೆ ಒಬ್ಬನೇ ಕೂಡಬೇಕು. ಇಲ್ಲಿಯೂ ಒಂದು ಚಿಪ್ಪನ್ನು ಒಮ್ಮೆಗೆ ಒಂದೇ ಡ್ರೈವರ್ ಹಿಡಿಯಬಹುದು. ಕಂಪನಿಯ ಡ್ರೈವರ್ ಬಂದರೆ ನೂವೋಗೆ ಬಾಗಿಲು ಹಾಕಬೇಕು. ಉಬುಂಟುವಿನ ಸ್ವಂತ ಭಂಡಾರದಿಂದ ಡ್ರೈವರ್ ತೆಗೆದುಕೊಂಡರೆ ಈ ಹೊಂದಾಣಿಕೆಯನ್ನೆಲ್ಲ ಅದೇ ಮಾಡಿಕೊಳ್ಳುತ್ತದೆ. ನಾನು ಮಾತ್ರ ಯಾವುದೋ ವಿಡಿಯೋ ನೋಡಿ, ನೇರವಾಗಿ ಇಳಿಸಿಕೊಳ್ಳುವ ‘ರನ್’ ಫೈಲ್ ಹಾಕಿದೆ. ಅದಕ್ಕಾಗಿ ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಕೂಡ ಆಫ್ ಮಾಡಿದ್ದೆ. ಫೈಲ್ ನಡುನಡುವೆ ಪ್ರಶ್ನೆ ಕೇಳಿತು. ಡಿಕೆಎಂಎಸ್‌ನಲ್ಲಿ ನೋಂದಾಯಿಸಲೇ? ಏನೆಂದು ತಿಳಿಯಲಿಲ್ಲ, ಬೇಡ ಅಂದೆ. ಎಕ್ಸ್ ಸಂರಚನೆಯ ಫೈಲ್ ಬರೆಯಲೇ? ಇದೂ ತಿಳಿಯಲಿಲ್ಲ, ಆಗಲಿ ಅಂದೆ. ಟಿವಿಯಲ್ಲಿ ಚಿತ್ರ ಬಂತು! ಅವ್ವನಿಗೆ ಕರೆದು ತೋರಿಸಿದೆ.

ಹತ್ತು ದಿನದ ಮೇಲೆ ಎಂದಿನಂತೆ ಅಪ್‌ಡೇಟ್ ಬಂತು. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಎಡಮೂಲೆಯಲ್ಲಿ ಮಿಣುಕುವ ಒಂದು ಸಣ್ಣ ಗೆರೆ. ಅಷ್ಟೇ.

ಸ್ಟೇಷನ್ ಹತ್ತಿರದ ಅಂಗಡಿಗೆ ಒಯ್ದೆ. ಹುಡುಗ ಆನ್ ಮಾಡಿ, ನೋಡಿ, ಮರಾಠಿಯಲ್ಲಿ ಒಂದೇ ಮಾತು ಹೇಳಿದ: ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕೋಣ, ಡೇಟಾ ಹೋದರೆ ನಾವು ಜವಾಬ್ದಾರರಲ್ಲ. ಅವನ ತಪ್ಪೇನಿಲ್ಲ, ದಿನಕ್ಕೆ ಇಪ್ಪತ್ತು ಮಂದಿಗೆ ಅದೇ ಹೇಳುತ್ತಿರಬೇಕು. ನಾನು ಹೂಂ ಅನ್ನುವವನೇ ಇದ್ದೆ. ಯಾಕೋ ಒಂದು ಸಲ ಅಳಿಯನನ್ನು ಕೇಳೋಣವೆಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದೆ.

“ಮಾಮಾ, ಫಾರ್ಮ್ಯಾಟ್ ಮಾಡಬ್ಯಾಡ್ರಿ. ಮೊದಲ ಮನಿಗೆ ತೊಗೊಂಡು ಹೋಗ್ರಿ. ನಿಮ್ಮ ಫೈಲ್ ಎಲ್ಲೂ ಹೋಗಿಲ್ಲ, ತೋರಿಸೋ ಮಂದಿ ಅಷ್ಟ ಜಗಳಾಡಾಕ ಹತ್ಯಾರ.”

ರಾತ್ರಿ ವಿಡಿಯೋ ಕಾಲ್‌ನಲ್ಲಿ ಕೂಡಿಸಿಕೊಂಡು ಹೇಳಿಕೊಟ್ಟ. ಕಂಟ್ರೋಲ್, ಆಲ್ಟ್, ಎಫ್ 3 ಮೂರೂ ಒಟ್ಟಿಗೆ ಒತ್ತಿದರೆ (ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೂಡ ಹಿಡಿಯಬೇಕು) ಚಿತ್ರವಿಲ್ಲದ, ಬರೀ ಅಕ್ಷರಗಳ ಪರದೆ ಬಂತು. ಹೆಸರು, ಪಾಸ್‌ವರ್ಡ್ ಹಾಕಿದೆ. ಫೈಲ್‌ಗಳ ಪಟ್ಟಿ ತೋರಿಸುವ ಆಜ್ಞೆ ಕೊಟ್ಟೆ. ಎದೆ ಧಸಕ್ಕೆಂದಿತು: ಅಪ್ಪನ ಫೈಲ್ ಇರಬೇಕಾದ ಕಡೆ ಚಿಕ್ಕ ಚಿಕ್ಕ ಚೌಕಗಳ ಸಾಲು. ಎಲ್ಲ ಹಾಳಾಯಿತೆಂದೇ ತಿಳಿದೆ. ಅಳಿಯ ನಕ್ಕ. ಫೈಲಿನ ಹೆಸರನ್ನು ನಾನು ಕನ್ನಡದಲ್ಲಿ ಕೊಟ್ಟಿದ್ದೆ, ಆ ಬರೀ ಅಕ್ಷರದ ಪರದೆಗೆ ಕನ್ನಡ ಬರೆಯಲು ಬರುವುದಿಲ್ಲ. ಪಕ್ಕದಲ್ಲಿ ಗಾತ್ರ, ತಾರೀಖು ಸರಿಯಾಗಿದ್ದವು. ಕನ್ನಡ ಟೈಪ್ ಮಾಡುವುದೂ ಅಲ್ಲಿ ಆಗದ್ದರಿಂದ ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಪೆನ್‌ಡ್ರೈವಿಗೆ ನಕಲು ಮಾಡಿಸಿದ. ಆಮೇಲೆಯೇ ನನಗೆ ಊಟ ಇಳಿದದ್ದು.

ಮುಂದಿನದು ಸುಲಭ. ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಗ್ರಬ್ ಪಟ್ಟಿಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದನ್ನು ಆರಿಸಿದ ಕೂಡಲೇ ಡೆಸ್ಕ್‌ಟಾಪ್ ಮೊದಲಿನಂತೆ ಬಂತು. ಅಲ್ಲಿಗೆ ರೋಗವೂ ತಿಳಿಯಿತು. ನಾನು ಹಾಕಿದ ಡ್ರೈವರ್ ಆ ಒಂದು ಕರ್ನಲ್ಲಿಗೆ ಮಾತ್ರ ಹೊಲಿಸಿದ ಅಂಗಿ. ಡಿಕೆಎಂಎಸ್ ಎಂಬುದು ಹೊಸ ಕರ್ನಲ್ ಬಂದಾಗಲೆಲ್ಲ ಹೊಸ ಅಂಗಿ ಹೊಲಿಯುವ ದರ್ಜಿ, ಅವನನ್ನು ನಾನು ಬೇಡವೆಂದಿದ್ದೆ. ನೂವೋಗೆ ಬಾಗಿಲು ಹಾಕಿಯಾಗಿತ್ತು. ಮೇಲಾಗಿ ನಾನು ಬರೆಸಿದ ಎಕ್ಸ್ ಫೈಲ್ ‘ಎನ್‌ವಿಡಿಯಾ ಡ್ರೈವರೇ ಬೇಕು’ ಎಂದು ಹಠ ಹಿಡಿದಿದ್ದರಿಂದ, ಕೆಲಸ ಮಾಡಬಲ್ಲ ಮೊದಲ ಚಿಪ್ ಕೂಡ ಸುಮ್ಮನೆ ಕೂತಿತ್ತು.

ರನ್ ಫೈಲ್ ಹಾಕಿದ್ದನ್ನು ಅದರದೇ ಅನ್‌ಇನ್‌ಸ್ಟಾಲ್ ಆಜ್ಞೆಯಿಂದ ತೆಗೆದೆವು. ಎಕ್ಸ್ ಫೈಲಿನ ಹೆಸರು ಬದಲಿಸಿ ಬದಿಗಿಟ್ಟೆವು. ಸೆಕ್ಯೂರ್ ಬೂಟನ್ನು ಮತ್ತೆ ಆನ್ ಮಾಡಿ, ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ನಿಂದಲೇ ಡ್ರೈವರ್ ಹಾಕಿದೆವು. ಅದು ಒಂದು ಪಾಸ್‌ವರ್ಡ್ ಕೇಳಿತು, ಕೊಟ್ಟೆ. ರೀಸ್ಟಾರ್ಟ್ ಆಗಲಿ ಎಂದು ಚಹಾ ತರಲು ಎದ್ದೆ. ಇಲ್ಲಿಯೇ ಮತ್ತೆ ಎಡವಿದ್ದು. ಆಗ ನೀಲಿ ಪರದೆಯೊಂದು ಬಂದು, ಈ ಡ್ರೈವರಿನ ಸಹಿ ನಂಬಬಹುದೇ ಎಂದು ಒಪ್ಪಿಗೆ ಕೇಳುತ್ತದೆ. ಹತ್ತು ಸೆಕೆಂಡ್ ಕಾದು ಸುಮ್ಮನೆ ಮುಂದೆ ಹೋಗುತ್ತದೆ. ಚಹಾ ಹಿಡಿದು ಬರುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿತ್ತು, ಟಿವಿ ಮಾತ್ರ ಖಾಲಿ. “ಮಾಮಾ, ಚಾ ಆಮ್ಯಾಲ ಕುಡೀರಿ” ಎಂದು ಬೈಸಿಕೊಂಡು, ಪಾಸ್‌ವರ್ಡಿನ ಆಜ್ಞೆ ಮತ್ತೊಮ್ಮೆ ಕೊಟ್ಟು, ಈ ಸಲ ಪರದೆಯ ಮುಂದೆ ಕಾವಲು ಕೂತು ‘ಎನ್‌ರೋಲ್’ ಒತ್ತಿದೆ. ಟಿವಿ ಬೆಳಗಿತು. ಆಮೇಲೆ ಎರಡು ಸಲ ಕರ್ನಲ್ ಬದಲಾಗಿದೆ, ಪರದೆ ಕಪ್ಪಾಗಿಲ್ಲ.

ಶ್ರಾದ್ಧದ ದಿನ ಸಂಜೆ ಅವ್ವ ಟಿವಿ ಮುಂದೆ ಕುರ್ಚಿ ಹಾಕಿಕೊಂಡು ಎರಡನೇ ನೋಟ್‌ಬುಕ್ಕಿನ ಭಾಗವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಎತ್ತು ಮಾರಿದ ಕಥೆಗೆ ಬಂದಾಗ ನಿಲ್ಲಿಸಿದಳು.

“ಇದು ತಪ್ಪು. ಮಾರಿದ್ದು ಬಿಳೇದಲ್ಲ, ಕೆಂದ ಎತ್ತು. ನಿಮ್ಮಪ್ಪಗ ಎಂದೂ ನೆನಪಿರ್ತಿರಲಿಲ್ಲ.”

ಅಪ್ಪ ಬರೆದದ್ದನ್ನು ತಿದ್ದಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಅವ್ವನ ಮಾತನ್ನೂ ಸೇರಿಸಿ, ಫೈಲನ್ನು ಮತ್ತೊಮ್ಮೆ ಪೆನ್‌ಡ್ರೈವಿಗೆ ಹಾಕಿದೆ.