ಬಸ್ಸು ಸಿಗದವರ ಲೆಕ್ಕ ಯಾರ ಬಳಿ ಇದೆ?

ಜೂನ್, ಜುಲೈ ಬಂತೆಂದರೆ ಕೆಜಿಎಫ್, ಬಂಗಾರಪೇಟೆ ಕಡೆಯ ಕಾಲೇಜು ಹುಡುಗ, ಹುಡುಗಿಯರಿಗೆ ಎರಡು ಚಿಂತೆ. ಒಂದು ಫೀಸು, ಇನ್ನೊಂದು ಬಸ್ಸಿನ ಟೈಮು. ಫೀಸು ಎಷ್ಟೆಂದು ಮೊದಲೇ ಗೊತ್ತಾಗುತ್ತದೆ. ಬಸ್ಸಿನ ಟೈಮು ಬದಲಾಗಿದೆ ಎಂದು ಗೊತ್ತಾಗುವುದು ಬಸ್ಸು ಬಾರದ ದಿನ. ಶೈಕ್ಷಣಿಕ ವರ್ಷ ಶುರುವಾಗುವ ಹೊತ್ತಿಗೆ ಮಾರ್ಗ ಬದಲಿಸುವುದು, ಟ್ರಿಪ್ ಸೇರಿಸುವುದು, ತೆಗೆಯುವುದು ಹೊಸದೇನಲ್ಲ. ಬದಲಾವಣೆ ಬೇಡವೆಂದು ನಾನು ಹೇಳುತ್ತಿಲ್ಲ. ಯಾವ ಲೆಕ್ಕ ನೋಡಿ, ಯಾರನ್ನು ಕೇಳಿ ಬದಲಿಸುತ್ತಾರೆ ಎನ್ನುವುದು ನನ್ನ ಪ್ರಶ್ನೆ.

ನಾನು ಆಂಡರ್‌ಸನ್‌ಪೇಟೆಯವಳು. ಪದವಿ ಮುಗಿದಿದೆ. ಕೋಲಾರದಲ್ಲಿ ಕಂಪ್ಯೂಟರ್ ತರಬೇತಿ, ಉಳಿದ ಹೊತ್ತಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಓದು. ನಮ್ಮ ಕಡೆ ಬಸ್ಸಿನ ವಿಚಾರಣಾ ಕೌಂಟರ್ ಎಂದರೆ ಸ್ಟಾಪಿನ ಪಕ್ಕದ ಟೀ ಅಂಗಡಿ. ‘ಅಣ್ಣಾ, ಏಳೂಕಾಲಿನ ಬಸ್ಸು ಹೋಯ್ತಾ?’ ಎಂದು ಕೇಳಿದರೆ, ‘ಈಗ ಅದು ಏಳಕ್ಕೇ ಹೋಗ್ತದೆ ಕಣಮ್ಮ’ ಎಂಬ ಉತ್ತರ ಅಲ್ಲೇ ಸಿಗುವುದು. ಟೀ ಅಂಗಡಿ ತೆರೆಯದ ದಿನಕ್ಕೆ ವಾಟ್ಸ್ಆ್ಯಪ್ ಗುಂಪು. ಹಿಂದಿನ ಸ್ಟಾಪಿನಲ್ಲಿ ಹತ್ತಿದವರು ‘ಬಂತು, ಫುಲ್ ರಶ್’ ಎಂದು ಹಾಕಿದರೆ ಮುಂದಿನವರು ಷೇರ್ ಆಟೊ ಹುಡುಕುತ್ತಾರೆ. ಯಾರೂ ಸಂಬಳ ಕೊಡದೆ ನಡೆಯುತ್ತಿರುವ ಸಾರಿಗೆ ಇಲಾಖೆ ಇದು.

ಗಡಿಯಾರದ ವಿಷಯದಲ್ಲಿ ನಮ್ಮೂರು ಹಿಂದೆ ಹೀಗಿರಲಿಲ್ಲ. ಗಣಿಗಾಗಿಯೇ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಹಳಿ 1894ರಲ್ಲಿ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಗಣಿಯ ಸೈರನ್ ಕೂಗಿದರೆ ಶಿಫ್ಟು ಬದಲು. ಅಂಗಡಿ, ಶಾಲೆ, ಮನೆಯ ಅಡುಗೆ ಎಲ್ಲವೂ ಅದರ ಹಿಂದೆಯೇ ನಡೆಯುತ್ತಿದ್ದವು ಎಂದು ತಾತ ಹೇಳುತ್ತಿದ್ದರು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಊರಿನ ಗಡಿಯಾರ ಬೆಂಗಳೂರಿಗೆ ಹೋಯಿತು. ಬೆಳಗ್ಗೆ ಬೆಂಗಳೂರಿನ ಕಡೆ ಹೋಗುವ ರೈಲುಗಳಲ್ಲಿ ನಿಲ್ಲಲು ಜಾಗ ಸಿಗದಷ್ಟು ಜನ. ಸುಮಾರು 100 ಕಿ.ಮೀ. ಹೋಗಿ ದುಡಿದು, ರಾತ್ರಿ ಮನೆಗೆ ಬಂದು ಮಲಗುತ್ತಾರೆ. ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ಹೋಗುವವರು ಬೇರೆ. ನಮ್ಮ ಊರಿನ ಒಬ್ಬ ಹುಡುಗಿ ಮನೆಯಲ್ಲೇ ಇದ್ದು ಓದಬಹುದೋ, ದುಡಿಯಬಹುದೋ, ಇಲ್ಲ ಪಿ.ಜಿ.ಗೆ ಬಾಡಿಗೆ ಕಟ್ಟಬೇಕೋ ಎಂಬುದನ್ನು ಬೆಳಗಿನ ಮೊದಲ ಬಸ್ಸು, ರಾತ್ರಿಯ ಕೊನೇ ಬಸ್ಸು ನಿರ್ಧರಿಸುತ್ತವೆ.

ಇನ್ನು ಬದಲಾವಣೆ ಹೆಚ್ಚೇ ಆಗಲಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ–ಬೇತಮಂಗಲ ಭಾಗ, ಸುಮಾರು 70 ಕಿ.ಮೀ., 2024ರ ಡಿಸೆಂಬರಿನಲ್ಲಿ ವಾಹನಗಳಿಗೆ ತೆರೆದುಕೊಂಡಿದೆ. ಕಾರಿದ್ದವರಿಗೆ ಬೆಂಗಳೂರು ಹತ್ತಿರವಾಯಿತು. ನಾಳೆ ಬಸ್ಸುಗಳನ್ನೂ ಆ ರಸ್ತೆಗೆ ತಿರುಗಿಸಬೇಕೆಂಬ ಬೇಡಿಕೆ ಬಂದೇ ಬರುತ್ತದೆ. ಆಗಲಿ, ಒಳ್ಳೆಯದೇ. ಆದರೆ ಆ ಹೆದ್ದಾರಿಯಲ್ಲಿ ಎಲ್ಲೆಂದರಲ್ಲಿ ಹತ್ತುವುದು, ಇಳಿಯುವುದು ಇಲ್ಲ. ಹಳೆಯ ರಸ್ತೆಯ ಬಸ್ಸನ್ನೇ ಎತ್ತಿ ಹೊಸ ರಸ್ತೆಗೆ ಹಾಕಿದರೆ ಕೊನೆಯ ಊರಿನವರಿಗೆ ಅರ್ಧ ಗಂಟೆ ಉಳಿಯುತ್ತದೆ, ನಡುವಿನ ಹಳ್ಳಿಯವರಿಗೆ ಬಸ್ಸೇ ಇಲ್ಲವಾಗುತ್ತದೆ. ಕೆಜಿಎಫ್‌ನಲ್ಲಿ ಬೆಮೆಲ್ ಬಳಸದೆ ಉಳಿದಿದ್ದ 900ಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ಪ್ರದೇಶ ಮಾಡುವ ಮಾತೂ ಇದೆ. ಅದು ಬಂದರೆ ಜನ ಹೋಗುವ ದಿಕ್ಕೇ ಬದಲಾಗುತ್ತದೆ. ಈ ಬದಲಾವಣೆಗಳಿಗೆಲ್ಲ ಹೊಸ ವೇಳಾಪಟ್ಟಿ ಬೇಕಾಗುತ್ತದೆ.

ವೇಳಾಪಟ್ಟಿ ಮಾಡುವವರ ಕೈಯಲ್ಲಿರುವ ಮುಖ್ಯ ಆಧಾರ ಕಂಡಕ್ಟರ್ ಕೈಯಲ್ಲಿರುವ ಟಿಕೆಟ್ ಯಂತ್ರ. ಯಾರು ಎಲ್ಲಿ ಹತ್ತಿದರು, ಎಲ್ಲಿಗೆ ಟಿಕೆಟ್ ತೆಗೆದರು, ಎಷ್ಟು ಗಂಟೆಗೆ ಎಂಬುದು ಅದರಲ್ಲಿ ದಾಖಲಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮಹಿಳೆಯರಿಗೂ ಶೂನ್ಯ ದರದ ಟಿಕೆಟ್ ಕೊಡುವುದರಿಂದ ಅವರ ಪ್ರಯಾಣವೂ ಲೆಕ್ಕಕ್ಕೆ ಸಿಗುತ್ತದೆ. ಒಂದು ಟ್ರಿಪ್‌ನಲ್ಲಿ ಕಿ.ಮೀ.ಗೆ ಎಷ್ಟು ಗಳಿಕೆ ಎಂದು ನೋಡಿ, ಕಡಿಮೆ ಇದ್ದರೆ ಕೈಬಿಡುವುದು ಸುಲಭದ ದಾರಿ. ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ.

ಆದರೆ ಈ ಯಂತ್ರಕ್ಕೆ ಒಂದು ಕುರುಡಿದೆ. ಬಸ್ಸು ತುಂಬಿ ನಿಲ್ಲಿಸದೆ ಹೋದಾಗ ಸ್ಟಾಪಿನಲ್ಲಿ ಉಳಿದ ಹದಿನೈದು ಜನರಿಗೆ ಟಿಕೆಟ್ ಹರಿಯುವುದಿಲ್ಲ. ಅವರು ಆ ದಿನ ಇರಲೇ ಇಲ್ಲ. ಬಸ್ಸನ್ನು ನಂಬಲಾಗದೆ ಆಟೊಗೆ ಹೋದವರು, ಸಾಲ ಮಾಡಿ ಸ್ಕೂಟರ್ ಕೊಂಡವರು, ‘ಅಷ್ಟು ದೂರದ ಕಾಲೇಜು ಬೇಡಮ್ಮಾ’ ಎಂದು ಮನೆಯಲ್ಲಿ ಹೇಳಿಸಿಕೊಂಡವರು, ಇವರಲ್ಲಿ ಯಾರೂ ದಾಖಲೆಯಲ್ಲಿಲ್ಲ. ಬಸ್ಸು ಹತ್ತಿದವರನ್ನು ಮಾತ್ರ ಎಣಿಸಿದರೆ ಬಸ್ಸು ಬೇಕಾದವರು ಎಷ್ಟು ಎಂದು ಎಂದಿಗೂ ಗೊತ್ತಾಗುವುದಿಲ್ಲ.

ಕೊನೇ ಬಸ್ಸಿನ ವಿಷಯದಲ್ಲಿ ಈ ತಪ್ಪು ಇನ್ನೂ ದುಬಾರಿ. ರಾತ್ರಿ ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೋ, ಬೂದಿಕೋಟೆ, ಕಾಮಸಮುದ್ರದ ಕಡೆಗೋ ಹೊರಡುವ ಕೊನೇ ಬಸ್ಸಿನಲ್ಲಿ ಹತ್ತು ಹನ್ನೆರಡು ಜನ ಇರಬಹುದು. ನಷ್ಟದ ಟ್ರಿಪ್ ಎಂದು ಅದನ್ನು ತೆಗೆದರೆ ಏನಾಗುತ್ತದೆ? ರಾತ್ರಿ ವಾಪಸ್ ಬರಲು ಬಸ್ಸಿದೆ ಎಂಬ ಧೈರ್ಯದಿಂದ ಬೆಳಗ್ಗೆ ಬಸ್ಸು ಹತ್ತುತ್ತಿದ್ದವರು ಬೆಳಗ್ಗೆಯೂ ಹತ್ತುವುದಿಲ್ಲ. ಅವರಲ್ಲಿ ಎಲ್ಲರೂ ದಿನಾ ಕೊನೇ ಬಸ್ಸಿಗೇ ಬರುತ್ತಿರಲಿಲ್ಲ. ಎಂದಾದರೊಂದು ದಿನ ಲ್ಯಾಬ್ ತಡವಾದರೆ, ಕೆಲಸ ಮುಗಿಯದಿದ್ದರೆ ಇರಲಿ ಎಂದು ಅದನ್ನು ನೆಚ್ಚಿಕೊಂಡಿದ್ದರು. ಸಂಜೆಯ ಬ್ಯಾಚಿನ ತರಗತಿ, ಎರಡನೇ ಶಿಫ್ಟಿನ ಕೆಲಸ ಮೊದಲು ಕೈಬಿಡುವುದು ಹುಡುಗಿಯರು. ನನ್ನ ಜೊತೆ ಓದಿದವರಲ್ಲೇ ಇಬ್ಬರು ಹಾಗೆ ಬಿಟ್ಟಿದ್ದಾರೆ. ಕೊನೇ ಟ್ರಿಪ್ ತೆಗೆದದ್ದರ ನಷ್ಟ ಬೆಳಗಿನ ಟ್ರಿಪ್‌ನ ಗಳಿಕೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಅದನ್ನೂ ತೆಗೆಯುವ ಮಾತು ಬರುತ್ತದೆ.

ಡಿಪೊದವರ ಕಷ್ಟ ಇಲ್ಲವೆಂದಲ್ಲ. ಒಂದು ಬಸ್ಸಿನ ಬೆಳಗಿನಿಂದ ರಾತ್ರಿವರೆಗಿನ ಓಟವೆಲ್ಲ ಒಂದೇ ಷೆಡ್ಯೂಲು. ನಡುವೆ ಒಂದು ಟ್ರಿಪ್ ಹದಿನೈದು ನಿಮಿಷ ಹಿಂದೆ ಹೋದರೆ ಉಳಿದದ್ದೆಲ್ಲ ಜರುಗುತ್ತದೆ. ಚಾಲಕ, ನಿರ್ವಾಹಕರ ಕೆಲಸದ ಹೊತ್ತಿಗೂ ಮಿತಿ ಇದೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ಹಾಗಾಗಿ ‘ನಮ್ಮ ಸ್ಟಾಪಿಗೆ ಇನ್ನೊಂದು ಬಸ್ಸು ಕೊಡಿ’ ಎಂದು ಮನವಿ ಬರೆಯುವುದಕ್ಕಿಂತ, ಇರುವ ಬಸ್ಸನ್ನು ಯಾವ ಹೊತ್ತಿಗೆ ಬಿಟ್ಟರೆ ಹೆಚ್ಚು ಜನಕ್ಕೆ ಸಿಗುತ್ತದೆ ಎಂದು ಹೇಳುವುದು ಉಪಯೋಗ.

ಉದಾಹರಣೆಗೆ ಬಂಗಾರಪೇಟೆ ಜಂಕ್ಷನ್. ಸಂಜೆ ಬೆಂಗಳೂರಿನಿಂದ ಬರುವ ರೈಲುಗಳೆಲ್ಲ ಮಾರಿಕುಪ್ಪಂಗೆ ಹೋಗುವುದಿಲ್ಲ. ಬಂಗಾರಪೇಟೆಯಲ್ಲಿ ಇಳಿದವರು ಬಸ್ಸು ಹಿಡಿಯಬೇಕು. ರೈಲು ಬರುವ ಐದು ನಿಮಿಷ ಮುಂಚೆ ಬಸ್ಸು ಹೊರಟುಬಿಟ್ಟರೆ ಎರಡೂ ತಮ್ಮ ತಮ್ಮ ಸಮಯಕ್ಕೆ ಸರಿಯಾಗಿಯೇ ಇವೆ, ನಡುವೆ ನಿಂತವರು ಮಾತ್ರ ಕೆಟ್ಟರು. ಸ್ವಿಟ್ಜರ್ಲೆಂಡಿನಲ್ಲಿ 1982ರಿಂದ ರೈಲುಗಳು ಗಂಟೆಗೊಮ್ಮೆ ಅದೇ ನಿಮಿಷಕ್ಕೆ ಬರುವಂತೆ ಪಟ್ಟಿ ಮಾಡಿ, ಹಳ್ಳಿಯ ಬಸ್ಸುಗಳನ್ನು ಅದಕ್ಕೆ ಜೋಡಿಸಿದ್ದಾರೆ. ಹೊಸ ಪಟ್ಟಿ ಡಿಸೆಂಬರಿನಲ್ಲಿ ಜಾರಿಯಾಗುವುದಾದರೆ ಅದರ ಕರಡನ್ನು ತಿಂಗಳುಗಳ ಮುಂಚೆಯೇ ಜನರ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ಸ್ವಿಟ್ಜರ್ಲೆಂಡ್ ಎಂದ ಕೂಡಲೇ ನಗಬೇಡಿ. ಅವರ ರೈಲು ಕೊಳ್ಳಲು ದುಡ್ಡು ಬೇಕು, ಕರಡು ಅಂಟಿಸಲು ಒಂದು ಕಾಗದ, ಸ್ವಲ್ಪ ಗೋಂದು ಸಾಕು.

ನಮ್ಮ ಕಾನೂನೂ ಈ ವಿಷಯದಲ್ಲಿ ಬಡವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಂ ಪ್ರಕಾರ, ಅನುಮೋದಿತ ವೇಳಾಪಟ್ಟಿಯನ್ನು ಬಸ್ಸಿನಲ್ಲೂ ನಿಗದಿತ ನಿಲ್ದಾಣಗಳಲ್ಲೂ ಹಾಕಬೇಕೆಂದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್‌ಗೆ ಷರತ್ತು ಹಾಕಬಹುದು. ಪರ್ಮಿಟ್ಟಿನ ಷರತ್ತು ಬದಲಿಸುವ ಮುಂಚೆ ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕೆಂಬ ಮಾತೂ ಅದರಲ್ಲಿದೆ. ಆದರೆ ಆ ನೋಟಿಸ್ ಪರ್ಮಿಟ್ ಪಡೆದವರಿಗೆ. ದಿನಾ ಕಂಬಿ ಹಿಡಿದು ನಿಲ್ಲುವವರಿಗೂ ಅದೇ ಒಂದು ತಿಂಗಳು ಕೊಡಲು ಏನು ಅಡ್ಡಿ? ಜನರ ಮೇಲೆ ಪರಿಣಾಮ ಬೀರುವ ಮುಖ್ಯ ತೀರ್ಮಾನಗಳ ಸಂಗತಿಗಳನ್ನು ಸಾರ್ವಜನಿಕ ಸಂಸ್ಥೆಗಳು ತಾವಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಬೆಳಗ್ಗೆ ಏಳರ ಬಸ್ಸು ಮುಖ್ಯ ಸಂಗತಿಯೋ ಅಲ್ಲವೋ ಎಂದು ಯಾರಿಗಾದರೂ ಅನುಮಾನವಿದ್ದರೆ ಒಂದು ಸೋಮವಾರ ನಮ್ಮ ಸ್ಟಾಪಿಗೆ ಬರಲಿ.

ಕೆಲಸ ಹುಡುಕುವವರ ಪರವಾಗಿ ಒಂದು ಮಾತು ಸೇರಿಸಬೇಕು. ನೇಮಕಾತಿ ಪರೀಕ್ಷೆಗಳು ಬಹುಪಾಲು ಭಾನುವಾರ. ಶಾಲೆ, ಕಚೇರಿ ಇಲ್ಲವೆಂದು ಬಸ್ಸು ಕಡಿಮೆ ಓಡುವುದೂ ಭಾನುವಾರವೇ. ಕೇಂದ್ರ ಕೋಲಾರದಲ್ಲೋ ಬೆಂಗಳೂರಿನಲ್ಲೋ ಇರುತ್ತದೆ, ಗೇಟು ಹಾಕುವ ಸಮಯ ಹಾಲ್ ಟಿಕೆಟ್‌ನಲ್ಲಿ ಅಚ್ಚಾಗಿರುತ್ತದೆ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಹೊರಡುವವರು ಹಿಂದಿನ ರಾತ್ರಿಯೇ ನೆಂಟರ ಮನೆ ಹುಡುಕಬೇಕು. ನೆಂಟರಿಲ್ಲದವರು ಮೂರ್ನಾಲ್ಕು ಜನ ಸೇರಿ ಕಾರು ಮಾಡುತ್ತಾರೆ. ಅರ್ಜಿ ಶುಲ್ಕಕ್ಕಿಂತ ಅದರ ಬಾಡಿಗೆಯೇ ಹೆಚ್ಚು. ಪರೀಕ್ಷೆಯ ದಿನಾಂಕ ವಾರಗಳ ಮುಂಚೆ ಪ್ರಕಟವಾಗುತ್ತದಲ್ಲ? ಆ ಭಾನುವಾರಗಳಂದು ಬೆಳಗಿನ ಎರಡು ಟ್ರಿಪ್ ಕೆಲಸದ ದಿನದಂತೆ ಓಡಿಸಿದರೆ ಸಾಕು.

ಹತ್ತದೆ ಉಳಿದವರನ್ನು ಎಣಿಸುವ ಕೆಲಸವನ್ನು ನಾವೇ ಶುರುಮಾಡಬಹುದು ಅನ್ನಿಸುತ್ತದೆ. ಒಂದು ನೋಟ್‌ಬುಕ್ ಸಾಕು. ತಾರೀಖು, ಸ್ಟಾಪಿನ ಹೆಸರು, ಬಸ್ಸು ಬಂದ ಸಮಯ, ನಿಂತಿತೋ ಇಲ್ಲವೋ, ಎಷ್ಟು ಜನ ಉಳಿದರು, ಅವರಲ್ಲಿ ವಿದ್ಯಾರ್ಥಿಗಳು ಎಷ್ಟು. ಎರಡು ವಾರ ಬರೆದರೆ ಮನವಿಯ ಜೊತೆ ಲಗತ್ತಿಸಲು ಒಂದು ಪಟ್ಟಿ ಆಗುತ್ತದೆ. ‘ತುಂಬಾ ತೊಂದರೆಯಾಗುತ್ತಿದೆ’ ಎಂಬ ಪತ್ರಕ್ಕಿಂತ ‘ಮಂಗಳವಾರ 7.40ಕ್ಕೆ 22 ಜನ ಉಳಿದರು’ ಎಂಬ ಸಾಲಿಗೆ ಉತ್ತರ ಕೊಡಲೇಬೇಕಾಗುತ್ತದೆ. ರಾಬರ್ಟ್‌ಸನ್‌ಪೇಟೆ, ಬೆಮೆಲ್ ನಗರ, ಬಂಗಾರಪೇಟೆ, ಈ ಮೂರು ಕಡೆ ಬರೆಯಲು ನಾವು ಆರು ಜನ ಒಪ್ಪಿದ್ದೇವೆ. ಬೇತಮಂಗಲದ ಕಡೆಗೆ ಇನ್ನೂ ಯಾರೂ ಸಿಕ್ಕಿಲ್ಲ. ಆ ಕಡೆಯಿಂದ ಕಾಲೇಜಿಗೆ ಬರುವವರು ಇದನ್ನು ಓದುತ್ತಿದ್ದರೆ ನಾಳೆ ಬೆಳಗ್ಗೆ ಬಸ್ಸಿಗೆ ಕಾಯುವಾಗಲೇ ಬರೆಯಲು ಶುರುಮಾಡಿ. ಹೇಗೂ ಆ ಹೊತ್ತಿನಲ್ಲಿ ಬೇರೆ ಕೆಲಸ ಇರುವುದಿಲ್ಲ.