ಆರೋಗ್ಯ ದಾಸೋಹ: ಉಸಿರಿನ ಹಾದಿಯ ಗ್ರಂಥಿಗಳು



ಮರಳವಾಡಿಯ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳವರಿಗೆ ಇದು ಹೊಸ ಸಂಗತಿಯಲ್ಲ. ನಾಲ್ಕನೆಯ ಜ್ವರ ಕಳೆದ ಹುಳು ಸೊಪ್ಪು ತಿಂದು ಹಣ್ಣಾಗಿ, ಚಂದ್ರಿಕೆಯ ಮೇಲೆ ನೂಲು ಬಿಡುತ್ತದೆ. ಆ ನೂಲು ಹುಟ್ಟುವುದು ಜೊಲ್ಲುಗ್ರಂಥಿಯೇ ಮಾರ್ಪಟ್ಟು ಆದ ಒಂದು ಜೋಡಿ ಗ್ರಂಥಿಗಳಲ್ಲಿ. ಅವು ಎಲ್ಲಿ ಮೂಡಬೇಕೆಂಬುದನ್ನು ಹುಳು ಮೊಟ್ಟೆಯೊಳಗಿರುವಾಗಲೇ ವಂಶವಾಹಿಗಳು ನಿರ್ಧರಿಸುತ್ತವೆ. ನಮ್ಮ ಉಸಿರಿನ ಹಾದಿಯ ಗ್ರಂಥಿಗಳ ವಿಚಾರವೂ ಹಾಗೆಯೇ.

ಶ್ವಾಸನಾಳದ ಒಳಪದರದ ಅಡಿಯಲ್ಲಿರುವ ಈ ಕಿರುಗ್ರಂಥಿಗಳು ಲೋಳೆಯನ್ನೂ ರೋಗಾಣುಗಳನ್ನು ಕೊಲ್ಲುವ ರಸಗಳನ್ನೂ ಸ್ರವಿಸಿ, ಧೂಳನ್ನು ಹಿಡಿದು ಹೊರಹಾಕಲು ನೆರವಾಗುತ್ತವೆ. ಒಳಪದರದಿಂದ ಮೊಳಕೆಯಂತೆ ಕೆಳಕ್ಕಿಳಿದು ಕವಲೊಡೆಯುವ ಇವುಗಳ ಬೆಳವಣಿಗೆಗೆ ‘ಇಡಿಎ’ ಎಂಬ ವಂಶವಾಹಿಯ ಸಂದೇಶ ಬೇಕು. ಕೂದಲು, ಹಲ್ಲು, ಬೆವರಿನ ಗ್ರಂಥಿಗಳಿಗೂ ಅದೇ ಸಂದೇಶ ಬೇಕು. ಅದು ಕೆಟ್ಟ ಮಗುವಿಗೆ ಹಲ್ಲು ವಿರಳ, ಕೂದಲು ತೆಳು, ಬೆವರು ಅತ್ಯಲ್ಪ. ಬೇಸಿಗೆಯಲ್ಲಿ ಮೈ ಕಾದು ಜ್ವರ ಏರುತ್ತದೆ, ಎದೆಯ ಸೋಂಕು ಮರಳಿ ಮರಳಿ ಬರುತ್ತದೆ. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದಲ್ಲಿ ನಾಲ್ಕು ತಲೆಮಾರುಗಳ ಹತ್ತು ಗಂಡಸರು ಹೀಗಿದ್ದುದನ್ನು ಡಾರ್ವಿನ್ 1875ರಲ್ಲಿ ದಾಖಲಿಸಿದನು. ಹೆಣ್ಣುಮಕ್ಕಳು ತಾವು ಬಾಧೆಪಡದಿದ್ದರೂ ಅವರ ಗಂಡುಮಕ್ಕಳಿಗೆ ಅದು ಇಳಿಯುತ್ತಿತ್ತು. ಈ ವಂಶವಾಹಿ ಪತ್ತೆಯಾದುದು 1996ರಲ್ಲಿ.

ಇನ್ನೊಂದು ಬಗೆ ಸಿಸ್ಟಿಕ್ ಫೈಬ್ರೋಸಿಸ್. ಇದರ ವಂಶವಾಹಿಯನ್ನು 1989ರಲ್ಲಿ ಏಳನೆಯ ವರ್ಣತಂತುವಿನಲ್ಲಿ ಗುರುತಿಸಲಾಯಿತು. ಇಲ್ಲಿ ಗ್ರಂಥಿಗಳಿರುತ್ತವೆ, ಆದರೆ ಲೋಳೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಬೆವರು ಅತಿಯಾಗಿ ಉಪ್ಪಾಗಿರುತ್ತದೆ. ತಂದೆತಾಯಿ ಇಬ್ಬರೂ ಆರೋಗ್ಯವಂತರಾಗಿದ್ದು ಇಬ್ಬರಲ್ಲಿಯೂ ಒಂದೊಂದು ದೋಷಪ್ರತಿ ಅಡಗಿದ್ದರೆ, ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ.

ಇಲ್ಲಿ ನಮ್ಮ ಮನೆಗಳ ಪ್ರಶ್ನೆ ಬರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಸೀಮೆಯ ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರು ನಗರಗಳ ಬಾಣಂತಿಯರನ್ನು ವಿಚಾರಿಸಿದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗದ ಮದುವೆಗಳು ರಕ್ತಸಂಬಂಧದವೆಂದು ಕಂಡುಬಂದಿತು. ಸೋದರಮಾವ ಮತ್ತು ಅಕ್ಕನ ಮಗಳಲ್ಲಿ ಕಾಲುಭಾಗದಷ್ಟು ವಂಶವಾಹಿಗಳು ಸಮಾನವಾಗಿರುತ್ತವೆ. ಆದುದರಿಂದ ಒಂದೇ ದೋಷಪ್ರತಿ ಇಬ್ಬರಲ್ಲಿಯೂ ಇರುವ ಸಾಧ್ಯತೆ ಹೆಚ್ಚು. ಇಂತಹ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಹುಟ್ಟುವರೆಂಬುದೂ ನಿಜ. ಆದರೂ ಮನೆತನದಲ್ಲಿ ಕೂಸುಗಳು ಎದೆರೋಗದಿಂದ ತೀರಿಕೊಂಡಿದ್ದರೆ, ನಿಶ್ಚಿತಾರ್ಥಕ್ಕೆ ಮುನ್ನ ಆ ಮಾತನ್ನು ಮುಚ್ಚಿಡದೆ ವೈದ್ಯರ ಮುಂದಿಡಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂತಹ ಸಂಸ್ಥೆಗಳಲ್ಲಿ ಇದಕ್ಕೆ ಸಲಹೆ ದೊರೆಯುತ್ತದೆ.

ಮಗುವಿಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತಿದರೆ, ಬಿಸಿಲಲ್ಲೂ ಮೈ ಬೆವರದಿದ್ದರೆ, ಕೆಮ್ಮು ಮರಳುತ್ತಲೇ ಇದ್ದರೆ ಮಕ್ಕಳ ತಜ್ಞರಿಗೆ ತೋರಿಸಿರಿ. ಬೆವರದ ಮಗುವಿನ ಮೈಗೆ ಒದ್ದೆ ಬಟ್ಟೆ ಹಾಕಿ ತಂಪಾಗಿಡಿರಿ. ‘ಸೊಸೆಯ ಕರ್ಮ’ ಎಂಬ ಮಾತನ್ನು ಮಾತ್ರ ಯಾವ ಅತ್ತೆಯೂ ಆಡದಿರಲಿ. ವಂಶವಾಹಿಯನ್ನು ಯಾರೂ ಆರಿಸಿಕೊಂಡು ಬಂದಿರುವುದಿಲ್ಲ. ಹೆಣ್ಣನ್ನು ಗಂಡಿಗೆ ಸಮನೆಂದು ಕಂಡ ಶರಣರ ಮನೆಯಲ್ಲಿ, ನೊಂದ ತಾಯಿಗೆ ಮೊದಲು ಸಲ್ಲಬೇಕಾದುದು ಸಾಂತ್ವನ.