ಇಂಟರೆಸ್ಟ್ ಇಲ್ಲ ಅಂತಲ್ಲ, ಬಸ್ಸಿಗೆ ಲೇಟಾಗುತ್ತೆ

ಇಂಜಿನಿಯರಿಂಗ್ ಲೈಫ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಹಾಸ್ಟೆಲ್. 2016ರ ‘ಕಿರಿಕ್ ಪಾರ್ಟಿ’ಯಲ್ಲಿ ಹಾಸ್ಟೆಲ್. 2023ರ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಸಿನಿಮಾಗಂತೂ ಹೆಸರಲ್ಲೇ ಹಾಸ್ಟೆಲ್. ರಾತ್ರಿ ಎರಡು ಗಂಟೆಗೆ ಮ್ಯಾಗಿ, ಪಕ್ಕದ ರೂಮಿನ ಸೀನಿಯರ್, ಎಕ್ಸಾಮ್ ಹಿಂದಿನ ದಿನ ಎಂಟು ಜನ ಒಂದೇ ನೋಟ್ಸ್ ಇಟ್ಕೊಂಡು ಓದೋದು. ಸಂಜೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸೋ ಹುಡುಗಿ, ತುಮಕೂರಿನ ರೈಲು ಹಿಡಿಯೋಕೆ ಓಡೋ ಹುಡುಗ ನಾನು ನೋಡಿದ ಯಾವ ಸಿನಿಮಾದಲ್ಲೂ ಹೀರೋ ಆಗಿಲ್ಲ. ಆದರೆ ನಮ್ಮ ಕ್ಲಾಸಲ್ಲಿ ಒಂದು ಸಲ ಹಿಂದೆ ತಿರುಗಿ ನೋಡಿದ್ರೆ ಅಂಥವರೇ ಬೇಕಾದಷ್ಟು ಜನ ಇದ್ದಾರೆ.

ಮೊದಲೇ ಹೇಳಿಬಿಡ್ತೀನಿ, ಇದು ನನ್ನ ಕಷ್ಟದ ಕಥೆ ಅಲ್ಲ. ನಾನು ಪಿಜಿಯಲ್ಲಿರೋದು, ಗೇಟಿಂದ ಹತ್ತು ನಿಮಿಷ ನಡೆದರೆ ರೂಮು. ಹಾಗಿರೋದರಿಂದಲೇ ನನಗೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ.

ನಮ್ಮ ಕಾಲೇಜು ನಿಜವಾಗಿ ಎರಡು ಶಿಫ್ಟಲ್ಲಿ ನಡೆಯುತ್ತೆ. ಮೊದಲನೇದು ಬೆಳಗ್ಗೆ ಒಂಬತ್ತರಿಂದ ನಾಲ್ಕೂವರೆವರೆಗೆ. ಕ್ಲಾಸು, ಲ್ಯಾಬು, ಇಂಟರ್ನಲ್ಸು. ಇದು ಎಲ್ಲರಿಗೂ ಒಂದೇ. ಎರಡನೇದು ಐದು ಗಂಟೆ ಮೇಲೆ. ಕೋಡಿಂಗ್ ಕ್ಲಬ್ ಸೆಷನ್, ರೋಬೊಟಿಕ್ಸ್ ತಂಡದ ಕೆಲಸ, ನಾಟಕದ ರಿಹರ್ಸಲ್, ಫೆಸ್ಟ್ ಮೀಟಿಂಗ್, ಶನಿವಾರ ರಾತ್ರಿಯಿಡೀ ಹ್ಯಾಕಥಾನ್. ಕಾಲೇಜಿಗೆ ಹೆಸರು ಬಂದಿರೋದರಲ್ಲಿ ಈ ಎರಡನೇ ಶಿಫ್ಟಿನ ಪಾಲು ದೊಡ್ಡದು. ಕಾಲೇಜಿನ ಇನ್‌ಸ್ಟಾ ಪೇಜಲ್ಲಿ ಹಾಕೋ ಫೋಟೋಗಳು ಇಲ್ಲಿಂದಲೇ ಬರೋದು. ಎರಡನೇ ಶಿಫ್ಟಿಗೆ ಅಟೆಂಡೆನ್ಸ್ ಇಲ್ಲ, ಸಿಲಬಸ್ ಇಲ್ಲ. ಅದಕ್ಕಿರೋ ಎಂಟ್ರೆನ್ಸ್ ಒಂದೇ: ನಿಮ್ಮ ಮನೆ ಎಷ್ಟು ಹತ್ತಿರ ಇದೆ ಅನ್ನೋದು.

ಸ್ವಲ್ಪ ಲೆಕ್ಕ ಹಾಕೋಣ, ಹೆಂಗಿದ್ರೂ ಇಂಜಿನಿಯರಿಂಗ್ ಓದ್ತಿದೀವಿ. ಟಾಮ್‌ಟಾಮ್ ಕಂಪನಿಯ 2024ರ ಟ್ರಾಫಿಕ್ ಲೆಕ್ಕದ ಪ್ರಕಾರ ಬೆಂಗಳೂರಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷದ ಮೇಲೆ ಬೇಕು. ಅದು ಕಾರಿನ ಲೆಕ್ಕ. ಬಸ್ ಸ್ಟಾಪಲ್ಲಿ ಕಾಯೋದು, ಮಧ್ಯ ಇನ್ನೊಂದು ಬಸ್ ಹತ್ತೋದು, ಇಳಿದು ನಡೆಯೋದು ಎಲ್ಲ ಸೇರಿಸಿದರೆ ಹೊಸಕೋಟೆ, ನೆಲಮಂಗಲ, ಅತ್ತಿಬೆಲೆ ಕಡೆಯಿಂದ ಬರೋರಿಗೆ ದಿನಕ್ಕೆ ಎರಡೂವರೆ ಗಂಟೆ ಅಂದ್ರೆ ಕಮ್ಮಿನೇ. ಆದ್ರೂ ಅಷ್ಟೇ ಅಂತ ಇಟ್ಕೊಳ್ಳಿ. ವಾರಕ್ಕೆ ಐದು ದಿನ, ಸೆಮಿಸ್ಟರಿಗೆ 16 ವಾರ. ಒಟ್ಟು 200 ಗಂಟೆ. ವಿಟಿಯು 2022ರ ಸ್ಕೀಮಲ್ಲಿ 3 ಕ್ರೆಡಿಟ್‌ನ ಒಂದು ಥಿಯರಿ ಸಬ್ಜೆಕ್ಟಿಗೆ ಇಟ್ಟಿರೋದು 40 ಗಂಟೆ. ಅಂದ್ರೆ ಪ್ರತಿ ಸೆಮಿಸ್ಟರಲ್ಲೂ ಐದು ಸಬ್ಜೆಕ್ಟಿನಷ್ಟು ಟೈಮನ್ನ ಇವರು ರಸ್ತೆ ಮೇಲೆ ಕಳೀತಾರೆ. ಇದಕ್ಕೆ ಯಾರೂ ಒಂದು ಕ್ರೆಡಿಟ್ಟೂ ಕೊಡಲ್ಲ. ಆದರೆ 85 ಪರ್ಸೆಂಟ್ ಅಟೆಂಡೆನ್ಸ್ ಮಾತ್ರ ಗೇಟಿನ ಪಕ್ಕದವನಿಗೂ ತುಮಕೂರಿನವನಿಗೂ ಒಂದೇ.

ಬಸ್ಸಲ್ಲೇ ಓದಬಹುದಲ್ಲ ಅಂತ ಕೇಳೋರು ಇದ್ದಾರೆ. ಬೆಳಗ್ಗೆ ಎಂಟೂವರೆಗೆ ಟಿನ್ ಫ್ಯಾಕ್ಟರಿ ಹತ್ತಿರ ಬಿಎಂಟಿಸಿ ಹತ್ತಿ, ಬ್ಯಾಗ್ ಮುಂದೆ ಹಾಕ್ಕೊಂಡು, ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಫೋರಿಯರ್ ಸೀರೀಸ್ ಮಾಡಿ ತೋರಿಸಿದರೆ ನಾನು ಈ ಲೇಖನ ವಾಪಸ್ ತಗೋತೀನಿ.

ಹತ್ತಿರ ಬಂದು ಇರಬಹುದಲ್ಲ ಅನ್ನೋದು ಇನ್ನೊಂದು ಪ್ರಶ್ನೆ. ಹಾಸ್ಟೆಲ್ ಸೀಟು ಎಲ್ಲರಿಗೂ ಸಿಗಲ್ಲ. ಪಿಜಿ ಬಾಡಿಗೆ, ಅಡ್ವಾನ್ಸ್, ಊಟ ಎಲ್ಲ ಸೇರಿದ್ರೆ ಕೆಲವು ಮನೆಗಳಲ್ಲಿ ಅದು ಎರಡನೇ ಫೀಸ್ ಕಟ್ಟಿದ ಹಾಗೆ. ಬೆಂಗಳೂರಲ್ಲೇ ಮನೆ ಇರೋವಾಗ ಪಿಜಿ ಯಾಕೆ ಅಂತ ಅಪ್ಪ ಕೇಳಿದರೆ ಉತ್ತರ ಕೊಡೋದೂ ಕಷ್ಟ. ಕ್ಯಾಂಪಸ್ ದೊಡ್ಡದಿರೋ ಕಡೆ ಈ ಸಮಸ್ಯೆ ಇಷ್ಟು ಇಲ್ಲ. 1909ರಲ್ಲಿ ಶುರುವಾದ ಐಐಎಸ್‌ಸಿಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತ್ತು. ಅಲ್ಲಿ ಹಾಸ್ಟೆಲ್‌ಗಳು ಕ್ಯಾಂಪಸ್ ಒಳಗೇ ಇವೆ, ರಾತ್ರಿ ಲ್ಯಾಬ್ ಮುಗಿಸಿ ಸೈಕಲ್ ಹತ್ತಿದರೆ ರೂಮು. ನಮ್ಮಂಥ ಕಾಲೇಜುಗಳು ನಗರದ ಮಧ್ಯ ಸಿಕ್ಕಿಕೊಂಡಿವೆ, ಇನ್ನು ಅಷ್ಟು ಜಾಗ ಯಾರೂ ಕೊಡಲ್ಲ. ಆದ್ದರಿಂದ ನಾವು ಬದಲಾಯಿಸಬಹುದಾದದ್ದು ಜಾಗ ಅಲ್ಲ, ಟೈಮು.

ಹುಡುಗಿಯರ ವಿಷಯದಲ್ಲಿ ಇದು ಇನ್ನೂ ಬಿಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ, ಅದು ನಿಜವಾಗಲೂ ದೊಡ್ಡ ಸಹಾಯ. ಆದರೆ ಫ್ರೀ ಆಗಿರೋದು ಟಿಕೆಟ್ಟು, ಟೈಮಲ್ಲ. ಏಳು ಗಂಟೆಗೆ ಮೀಟಿಂಗ್ ಇಟ್ಟರೆ ಆರೂವರೆಗೇ ಮನೆಯಿಂದ ಫೋನ್ ಬರುತ್ತೆ, ‘ಎಲ್ಲಿದೀಯಾ?’ ಅಂತ. ಅವಳು ಎದ್ದು ಹೋಗ್ತಾಳೆ. ಎರಡು ಸಲ ಹೀಗಾದ ಮೇಲೆ ಗ್ರೂಪಲ್ಲಿ ಕೋರ್ ಟೀಮ್ ಲಿಸ್ಟ್ ಬರುತ್ತೆ, ಅದರಲ್ಲಿ ಅವಳ ಹೆಸರು ಇರಲ್ಲ. ಯಾಕೆ ಅಂತ ಕೇಳಿದರೆ, ‘ಅವಳಿಗೆ ಅಷ್ಟು ಇಂಟರೆಸ್ಟ್ ಇಲ್ಲ ಮಗಾ’ ಅಂತಾರೆ.

ನನ್ನ ತಕರಾರು ಇರೋದು ಈ ಮಾತಿನ ಮೇಲೆ. ನಾವು ದೂರವನ್ನ ‘ಇಂಟರೆಸ್ಟ್’ ಅಂತ ಕರೀತಾ ಇದೀವಿ. ಒಬ್ಬರು ಸಂಜೆ ಉಳಿದರೆ ಪ್ಯಾಶನ್, ಹೊರಟರೆ ಕಮಿಟ್‌ಮೆಂಟ್ ಇಲ್ಲ. ಉಳಿದವರ ರೂಮು ಹತ್ತು ನಿಮಿಷದಲ್ಲಿದೆ, ಹೊರಟವರ ಕೊನೇ ನೇರ ಬಸ್ಸು ಆರು ಗಂಟೆಗಿದೆ ಅನ್ನೋದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ.

ಇದು ಬರೀ ಬೇಜಾರಿನ ವಿಷಯ ಆಗಿದ್ದರೆ ಇಷ್ಟು ಬರೀತಿರಲಿಲ್ಲ. ಕ್ಲಾಸಿನ ಹೊರಗಿನ ಕೆಲಸಕ್ಕೂ ಬೆಲೆ ಇದೆ ಅಂತ ಒಪ್ಪಿಕೊಂಡೇ ಎಐಸಿಟಿಇ ನಾಲ್ಕು ವರ್ಷಕ್ಕೆ 100 ಆಕ್ಟಿವಿಟಿ ಪಾಯಿಂಟ್ಸ್ ಇಟ್ಟಿರೋದು. ಅದರಾಚೆಗೆ, ಇಂಟರ್ನ್‌ಶಿಪ್ ಎಲ್ಲಿದೆ, ಯಾವ ಪ್ರೊಫೆಸರ್ ಪ್ರಾಜೆಕ್ಟಿಗೆ ಹುಡುಗರನ್ನ ಹುಡುಕ್ತಿದಾರೆ, ರೆಸ್ಯೂಮೆ ಹೇಗೆ ಬರೀಬೇಕು ಅನ್ನೋದೆಲ್ಲ ನೋಟಿಸ್ ಬೋರ್ಡಲ್ಲಿ ಇರಲ್ಲ. ಸೀನಿಯರ್ ಜೊತೆ ಸಂಜೆ ಚಹಾ ಕುಡೀವಾಗ ಗೊತ್ತಾಗುತ್ತೆ. ನನಗೆ ಇಲ್ಲಿಯವರೆಗೆ ಗೊತ್ತಾಗಿರೋ ಉಪಯೋಗದ ವಿಷಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಂಜೆ ಆರರ ಮೇಲೆ ಗೊತ್ತಾದವು. ಮೂರನೇ ವರ್ಷದಲ್ಲಿ ಕಂಪನಿಯವರು ‘ಮಾರ್ಕ್ಸ್ ಬಿಟ್ಟು ಇನ್ನೇನು ಮಾಡಿದೀರಿ?’ ಅಂತ ಕೇಳಿದಾಗ, ಒಬ್ಬ ಎರಡು ವರ್ಷ ಕಾರ್ ಮಾಡೋ ತಂಡದಲ್ಲಿದ್ದೆ ಅಂತಾನೆ. ಇನ್ನೊಬ್ಬ ಎರಡು ವರ್ಷ ಬಸ್ಸಲ್ಲಿದ್ದೆ ಅಂತ ಹೇಳೋಕಾಗುತ್ತಾ?

ಇದಕ್ಕೆ ಕ್ಲಬ್‌ನವರ ಕಡೆಯಿಂದಲೂ ಒಂದು ನ್ಯಾಯವಾದ ಉತ್ತರ ಇದೆ. ‘ನಾವೂ ಸ್ಟೂಡೆಂಟ್ಸೇ ಗುರು, ಹಗಲಲ್ಲಿ ಟೈಮ್ ಎಲ್ಲಿದೆ? ಟೈಮ್‌ಟೇಬಲ್ ಫುಲ್. ಸಂಜೆ ಬಿಟ್ಟರೆ ಯಾವಾಗ ಮಾಡೋದು?’ ಒಪ್ಪಿದೆ. ಕಾರಿಗೆ ವೆಲ್ಡಿಂಗ್ ಮಾಡೋದನ್ನ ಲಂಚ್ ಬ್ರೇಕಲ್ಲಿ ಮುಗಿಸೋಕಾಗಲ್ಲ. ಎಲ್ಲವನ್ನೂ ಹಗಲಿಗೆ ತನ್ನಿ ಅಂತ ನಾನು ಕೇಳ್ತಿಲ್ಲ. ಒಳಗೆ ಬರೋ ಬಾಗಿಲನ್ನಾದರೂ ಹಗಲಲ್ಲಿ ತೆಗೀರಿ ಅಂತಿದೀನಿ.

ಅಂದ್ರೆ ಏನು ಮಾಡಬಹುದು? ರಿಕ್ರೂಟ್‌ಮೆಂಟ್ ಇಂಟರ್‌ವ್ಯೂ, ಮೊದಲ ಮೀಟಿಂಗ್, ಆಡಿಷನ್ ಇವನ್ನ ಮಧ್ಯಾಹ್ನ ಊಟದ ಟೈಮಲ್ಲಿ ಇಡಬಹುದು. ಒಂದು ದಿನದಲ್ಲಿ ಮುಗಿಯದಿದ್ದರೆ ಮೂರು ದಿನ ಮಾಡಿ. ಮನೆಯಿಂದ ಮಾಡಬಹುದಾದ ಕೆಲಸ ಪ್ರತಿ ತಂಡದಲ್ಲೂ ಇರುತ್ತೆ: ಡಿಸೈನು, ಕೋಡು, ಸ್ಪಾನ್ಸರ್‌ಗಳಿಗೆ ಬರೆಯೋದು, ರಿಪೋರ್ಟು. ಅದನ್ನ ಮಾಡಿದವರನ್ನೂ ಕೋರ್ ಟೀಮ್ ಅಂತ ಎಣಿಸಿ, ಪೋಸ್ಟರ್ ಅಂಟಿಸೋಕೆ ರಾತ್ರಿ ಉಳಿದವರನ್ನ ಮಾತ್ರ ಅಲ್ಲ.

ಕಾಲೇಜಿನವರಿಗೆ ಎರಡೇ ಬೇಡಿಕೆ. ವಾರಕ್ಕೆ ಒಂದು ಗಂಟೆ ಎಲ್ಲ ಬ್ರಾಂಚಿಗೂ ಒಂದೇ ಸಲ ಖಾಲಿ ಬಿಡಿ, ಆ ಗಂಟೆ ಕ್ಲಬ್‌ಗಳಿಗೆ. ಎರಡನೇದು, ಲೈಬ್ರರಿ ಬೆಳಗ್ಗೆ ಏಳಕ್ಕೇ ತೆಗೀರಿ. ಟ್ರಾಫಿಕ್ ತಪ್ಪಿಸೋಕೆ ಆರು ಗಂಟೆಗೇ ಮನೆ ಬಿಟ್ಟು ಏಳೂವರೆಗೆ ಬಂದು ಕಾರಿಡಾರಲ್ಲಿ ಕೂತಿರೋರನ್ನ ದಿನಾ ನೋಡ್ತೀನಿ. ಸಂಜೆ ಅವರ ಕೈಗೆ ಸಿಗದ ಟೈಮು ಬೆಳಗ್ಗೆ ಸಿಗ್ತಿದೆ, ಕೂರೋಕೆ ಒಂದು ಟೇಬಲ್ ಬೇಕು ಅಷ್ಟೇ.

ಮತ್ತೆ ಮೆಟ್ರೋ. ಸ್ಟೂಡೆಂಟ್ ಜೀವನಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಮಾಡಬಹುದಾದದ್ದು ಈ ಊರಲ್ಲಿ ಇನ್ನೊಂದಿಲ್ಲ. 2023ರ ಅಕ್ಟೋಬರಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಆಯ್ತು, 2025ರ ಆಗಸ್ಟಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು. ಎಷ್ಟೋ ಜನರ ದೂರ ಅರ್ಧ ಆಗಬಹುದು. ಆದರೆ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಏರಿತು. ಹೋಗಿ ಬರೋಕೆ ದಿನಕ್ಕೆ ನೂರು, ನೂರೈವತ್ತು ಅಂದ್ರೆ ಬಸ್ ಪಾಸ್ ಇರೋನು ಬಸ್ಸಲ್ಲೇ ನಿಲ್ಲುತ್ತಾನೆ. ಬಿಎಂಟಿಸಿಯಲ್ಲಿ ವಿದ್ಯಾರ್ಥಿ ಪಾಸ್ ಇದೆ. ಪುಣೆ, ನಾಗಪುರದ ಮೆಟ್ರೋಗಳಲ್ಲಿ ವಿದ್ಯಾರ್ಥಿಗಳಿಗೆ 30 ಪರ್ಸೆಂಟ್ ರಿಯಾಯಿತಿ ಇದೆ. ನಮ್ಮ ಮೆಟ್ರೋದಲ್ಲಿ ಸ್ಮಾರ್ಟ್ ಕಾರ್ಡ್ ಇದ್ದರೆ ಎಲ್ಲರಿಗೂ ಸಿಗೋ 5 ಪರ್ಸೆಂಟೇ ನಮಗೂ. ಇಷ್ಟು ಕಾಲೇಜು ಇರೋ ಊರಲ್ಲಿ ವಿದ್ಯಾರ್ಥಿ ಪಾಸ್ ಕೇಳೋದು ದುರಾಸೆ ಏನಲ್ಲ. ಎಲ್ಲ ಕಾಲೇಜಿನ ಸಂಘಗಳು ಸೇರಿ ಕೇಳಬೇಕಾದ್ದು ಇದು. ಫೆಸ್ಟಿಗೆ ಸ್ಪಾನ್ಸರ್ ಹುಡುಕೋಕೆ ಬರೆಯೋ ಪತ್ರಗಳಲ್ಲಿ ಹತ್ತರಲ್ಲಿ ಒಂದು ಭಾಗ ಇದಕ್ಕೆ ಬರೆದರೂ ಸಾಕು.

ಪಾಸ್ ಯಾವಾಗ ಬರುತ್ತೋ ಗೊತ್ತಿಲ್ಲ, ಟೈಮ್‌ಟೇಬಲ್ ಬದಲಾಗೋಕೂ ಮುಂದಿನ ಸೆಮಿಸ್ಟರ್ ಬೇಕು. ಮೀಟಿಂಗ್ ಟೈಮ್ ಬದಲಾಯಿಸೋಕೆ ಒಂದು ವಾಟ್ಸಾಪ್ ಮೆಸೇಜ್ ಸಾಕು. ಈ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದ ಮೊದಲ ಮೀಟಿಂಗನ್ನೇ ಮಧ್ಯಾಹ್ನ ಒಂದು ಗಂಟೆಗೆ ಇಡೋಣ. ಡಬ್ಬಿ ತಗೊಂಡು ಬನ್ನಿ, ಊಟ ಮಾಡ್ತಾ ಮಾತಾಡೋಣ. ಇಷ್ಟು ದಿನ ‘ಇಂಟರೆಸ್ಟ್ ಇಲ್ಲ’ ಅನ್ನಿಸಿಕೊಂಡವರಲ್ಲಿ ಎಷ್ಟು ಜನ ಬರ್ತಾರೆ ನೋಡೋಣ.